ಯುರೋಪಿಗೆ ಹೋದ ಹಿಟ್ಟಿನ ಕೋಲು

ನನಗಾಗ ಐವತ್ತೆಂಟು. ಈ ಮಾತಿಗೆ ಇಪ್ಪತ್ತಾರು ವರ್ಷವಾಯಿತು. ಯುರೋಪಿನಲ್ಲಿ ಏನೇನು ನೋಡಿದೆ ಎಂದು ಈಗಲೂ ಯಾರಾದರೂ ಕೇಳುತ್ತಾರೆ. ಕಬ್ಬಿಣದ ಗೋಪುರ ನೋಡಿದೆ, ಹಿಮದ ಬೆಟ್ಟ ನೋಡಿದೆ ಎಂದರೆ ಅವರಿಗೆ ಸಮಾಧಾನ. ನಿಜ ಹೇಳಬೇಕೆಂದರೆ ಅಲ್ಲಿ ನಾನು ಹೆಚ್ಚು ಹೊತ್ತು ನೋಡಿದ್ದು ನನ್ನ ಬೀಗಿತ್ತಿಯ ಮುಖವನ್ನು. ಅದೂ ಓರೆಗಣ್ಣಲ್ಲಿ. ಯಾಕೆಂದರೆ ನಾವಿಬ್ಬರೂ ಮಾತು ಬಿಟ್ಟಿದ್ದೆವು.

ಬೀಗಿತ್ತಿ ಎಂದರೆ ನನ್ನ ಸೊಸೆ ಸುನಂದಳ ತಾಯಿ, ಚಿಕ್ಕತಾಯಮ್ಮ. ಸಂತೆಬಾಚಹಳ್ಳಿ ಕಡೆಯವಳು. ನಾವು ಪಾಂಡವಪುರದವರು. ಮಾತು ಬಿಟ್ಟ ಕಾರಣ ಮುದ್ದೆ. ಓದುವವರಲ್ಲಿ ಮುದ್ದೆ ಉಣ್ಣದವರೂ ಇರಬಹುದು, ಅವರಿಗಾಗಿ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಮುದ್ದೆ ಅಗಿಯುವ ಪದಾರ್ಥವಲ್ಲ, ನುಂಗುವ ಪದಾರ್ಥ. ಅದಕ್ಕೂ ಹಲ್ಲಿಗೂ ಯಾವ ವ್ಯವಹಾರವೂ ಇಲ್ಲ. ಮುರಿದು, ಹೆಬ್ಬೆಟ್ಟಿನಿಂದ ಗುಳಿ ಮಾಡಿ, ಸಾರಿನಲ್ಲಿ ಅದ್ದಿ, ಬಾಯಿಗೆ ಹಾಕಿದರೆ ತನ್ನ ದಾರಿ ತಾನೇ ನೋಡಿಕೊಳ್ಳಬೇಕು. ಹಾಗೆ ಹೋಗುವಂಥದ್ದರಲ್ಲಿ ಗಂಟಿರಬಾರದು. ಗಂಟೆಂದರೆ ಕುದಿಯುವ ನೀರಿನ ನಡುವೆ ಇದ್ದೂ ನೀರು ಕಾಣದೆ ಉಳಿದ ಹಸಿ ಹಿಟ್ಟು. ಅದು ಗಂಟಲಲ್ಲಿ ನಿಂತಿತೆಂದರೆ ಒಳಗೂ ಹೋಗುವುದಿಲ್ಲ, ಹೊರಗೂ ಬರುವುದಿಲ್ಲ. ನಮ್ಮ ಕಡೆ ಕೆಲವು ನೆಂಟರು ಹಾಗೇ ಇರುತ್ತಾರೆ.

ಮಗನ ಮದುವೆಯಾದ ಮೇಲೆ ಅವರ ಊರಲ್ಲಿ ಬೀಗರ ಊಟ. ಚಪ್ಪರದ ತುಂಬ ಜನ. ಆ ದಿನದ ಹಿಟ್ಟನ್ನು, ನಮ್ಮ ಕಡೆ ಮುದ್ದೆಗೆ ಅದೇ ಹೆಸರು, ಆಳುಗಳಿಗೆ ಬಿಡದೆ ಚಿಕ್ಕತಾಯಮ್ಮನೇ ಸೊಂಟಕ್ಕೆ ಸೆರಗು ಸಿಕ್ಕಿಸಿ, ತನ್ನ ತವರಿನ ಕೋಲು ಹಿಡಿದು ತಿರುವಿದ್ದಳು. ಆ ಕೋಲು ಅವಳ ಅವ್ವನದು, ಅದಕ್ಕೆ ಮುಂಚೆ ಅವ್ವನ ಅವ್ವನದು. ಕೈಯಾಡಿ ಕೈಯಾಡಿ ಎಮ್ಮೆಯ ಕೊಂಬಿನ ಹಾಗೆ ಕಪ್ಪಗೆ ಮಿನುಗುತ್ತಿತ್ತು. ಅದನ್ನು ಯಾರಿಗೂ ಕೊಡುವವಳಲ್ಲ, ಅದಿಲ್ಲದೆ ಒಲೆ ಮುಂದೆ ಕೂರುವವಳೂ ಅಲ್ಲ. ನಾನು ಎಲೆಯ ಮುಂದೆ ಕೂತು ಮೊದಲನೇ ತುತ್ತು ನುಂಗಿ, ನೆಂಟರಿಷ್ಟರೆಲ್ಲ ಕೇಳುವ ಹಾಗೆ ಹೇಳಿದೆ:

"ಬೀಗಿತ್ತಿ, ಇಟ್ಟು ಗಂಟಾಗದೆ ಕಣವ್ವ."

ಗಂಟಿತ್ತು, ಗಂಟಿದೆ ಎಂದೆ. ಈಗ ಕೇಳಿದರೂ ಗಂಟಿತ್ತು ಎಂದೇ ಹೇಳುತ್ತೇನೆ.

ಅಂದಿನಿಂದ ಆಕೆ ನಮ್ಮ ಮನೆಯ ಹೊಸ್ತಿಲು ತುಳಿಯಲಿಲ್ಲ. ಮಗಳನ್ನು ನೋಡಬೇಕೆನಿಸಿದರೆ ಕೆ.ಆರ್. ಪೇಟೆ ಬಸ್ಸು ಹಿಡಿದು ಬರುವಳು, ನಮ್ಮ ಮನೆಯ ಎದುರು ಬೀದಿಯಲ್ಲಿ ನಿಂತು "ಸುನಂದಾ" ಎಂದು ಕೂಗುವಳು. ಸುನಂದ ಓಡಿಹೋಗಿ ಬೀದಿಯಲ್ಲೇ ನಿಂತು ಮಾತಾಡುವಳು. ಕಾಫಿ ತಂದುಕೊಟ್ಟರೆ ಆಕೆ ಮುಟ್ಟುತ್ತಿರಲಿಲ್ಲ. ಎರಡು ವರ್ಷ ಹೀಗೇ ನಡೆಯಿತು. ಬಿಸಿಲಲ್ಲಿ ತಾಯಿ, ನೆರಳಲ್ಲಿ ನಾನು, ನಡುವೆ ಆರಿದ ಕಾಫಿ ಹಿಡಿದುಕೊಂಡು ಸೊಸೆ. ಒಳಗೆ ಬಾ ಎನ್ನಲು ನನಗೆ ಬಾಯಿ ಬರಲಿಲ್ಲ. ಬೇರೆ ಎಲ್ಲದಕ್ಕೂ ಬರುವ ಬಾಯಿ ಅದು.

ಅಷ್ಟರಲ್ಲಿ ಯುರೋಪು ಬಂತು. ನನ್ನ ಮಗ ಪ್ರಕಾಶನದು ಗೊಬ್ಬರದ ಅಂಗಡಿ. ಆ ವರ್ಷ ನಾಲೆಯಲ್ಲಿ ನೀರು ಚೆನ್ನಾಗಿ ಬಂದು, ಎಲ್ಲರೂ ಕಬ್ಬು ನೆಟ್ಟು, ಇವನು ಸುತ್ತಮುತ್ತ ಎಲ್ಲರಿಗಿಂತ ಹೆಚ್ಚು ಗೊಬ್ಬರ ಮಾರಿದ. ಗೊಬ್ಬರದ ಕಂಪನಿಯವರು ಮೆಚ್ಚಿ ಮನೆಯ ನಾಲ್ಕು ಜನಕ್ಕೆ ಯುರೋಪು ಪ್ರವಾಸ ಇನಾಮು ಕೊಟ್ಟರು. ಜನ ಕಾಶಿಗೆ ಪುಣ್ಯ ಮಾಡಿ ಹೋಗುತ್ತಾರೆ, ನಾವು ಪ್ಯಾರಿಸ್ಸಿಗೆ ಯೂರಿಯಾ ಮಾರಿ ಹೋದೆವು. ಮನೆಯಲ್ಲಿದ್ದದ್ದು ಮೂರೇ ಜನ. ನಾಲ್ಕನೆಯವರು ಯಾರು ಎಂದು ಮಾತು ಬಂದಾಗ, ಎಂದೂ ಗಟ್ಟಿ ಮಾತಾಡದ ಸುನಂದ ಪಾತ್ರೆ ತೊಳೆಯುತ್ತಿದ್ದವಳು ಎದ್ದು ನಿಂತಳು.

"ನಮ್ಮವ್ವ ಬರ್ಲಿ. ಬೀದೀಲಿ ನಿಂತ್ಕಂಡು ಅವ್ವನ್ನ ನೋಡಿ ನೋಡಿ ನಂಗೂ ಸಾಕಾಗದೆ, ಅತ್ತೆ. ಅಷ್ಟು ದೂರ ಜೊತೇಲಿ ವೋಗಿ ಬಂದ್ಮೇಲೂ ಅವ್ವ ನಮ್ಮನೇಲಿ ಕೈ ತೊಳೀನಿಲ್ಲ ಅಂದ್ರೆ, ನಾನೂ ಇನ್ಮೇಲೆ ಬೀದೀಲೇ ಉಣ್ತೀನಿ."

ಹೇಳಿದ್ದನ್ನು ಮಾಡುವ ಹುಡುಗಿಯೇ. ನಾನು ಹೂಂ ಎಂದೆ.

ಪ್ಯಾರಿಸ್ಸಿನ ಹೋಟೆಲಿನಲ್ಲಿ ಮುದುಕಿಯರಿಬ್ಬರಿಗೆ ಒಂದು ಕೋಣೆ ಕೊಟ್ಟರು. ಸುನಂದಳದೇ ಏರ್ಪಾಡು ಇರಬೇಕು. ಬೆನ್ನು ತಿರುಗಿಸಿಕೊಂಡು ಇಬ್ಬರೂ ನಮ್ಮ ನಮ್ಮ ಪೆಟ್ಟಿಗೆ ಬಿಚ್ಚಿದೆವು. ಎದುರಿಗೆ ದೊಡ್ಡ ಕನ್ನಡಿಯಿತ್ತು, ಅದರಲ್ಲಿ ಎಲ್ಲ ಕಾಣುತ್ತಿತ್ತು. ನನ್ನ ಪೆಟ್ಟಿಗೆಯಿಂದ ರಾಗಿಹಿಟ್ಟಿನ ಚೀಲ ಹೊರಬಂತು. ಅವಳ ಪೆಟ್ಟಿಗೆಯಿಂದ, ಎರಡು ಸೀರೆಯ ನಡುವಿನಿಂದ, ಆ ಕೋಲು ಹೊರಬಂತು. ಅವಳು ಹಿಟ್ಟು ನೋಡಿದಳು. ನಾನು ಕೋಲು ನೋಡಿದೆ. ಇಬ್ಬರೂ ಪೆಟ್ಟಿಗೆ ಮುಚ್ಚಿದೆವು. ಕೇಳಿದವಳು ಸೋತಳು ಎಂದು ಲೆಕ್ಕ. ಪಾತ್ರೆಯೂ ಒಲೆಯೂ ಯಾರ ಪೆಟ್ಟಿಗೆಯಲ್ಲೂ ಇಲ್ಲ ಎಂಬುದು ಇಬ್ಬರ ತಲೆಗೂ ಹೊಳೆಯಲಿಲ್ಲ.

ಊಟದ ವಿಷಯಕ್ಕೆ ಮಗ ಮೊದಲೇ ಕಟ್ಟುಪಾಡು ಹಾಕಿದ್ದ. "ಅವ್ವ, ದನದ್ದು ಬರದಂಗೆ ನಾನು ನೋಡ್ಕತೀನಿ. ಮಿಕ್ಕಿದ್ದು ಏನ್ ಕೊಟ್ರೂ ಸುಮ್ನೆ ಉಣ್ಣು. ಕಂಪ್ನಿ ಸಾಹೇಬ್ರೂ ಜೊತೇಲವ್ರೆ. ಅದು ಗಂಟು, ಇದು ಸೀದೋಗದೆ ಅಂತ ಇಲ್ಲಿ ಬಾಯ್ ಬುಡಬ್ಯಾಡ."

ಉಂಡೆ. ನಾನು ಊಟಕ್ಕೆ ಮುಖ ಸೊಟ್ಟ ಮಾಡುವವಳಲ್ಲ. ಪ್ಯಾರಿಸ್ಸಿನ ಜನ ಮೊಳದುದ್ದದ ಬ್ರೆಡ್ಡನ್ನು ಕಬ್ಬಿನ ಜಲ್ಲೆಯ ಹಾಗೆ ಕಂಕುಳಲ್ಲಿ ಇಟ್ಟುಕೊಂಡು ಹೋಗುತ್ತಾರೆ. ನಾನೂ ಒಂದನ್ನು ಕಬ್ಬು ಸಿಗಿಯುವ ಹಾಗೆ ದವಡೆಗೆ ಕೊಟ್ಟು ಸಿಗಿದೆ. ಮೇಲೆ ಸಿಪ್ಪೆ, ಒಳಗೆ ಹತ್ತಿ, ರುಚಿ ಪರವಾಗಿಲ್ಲ. ಪಕ್ಕದ ಮೇಜಿನಲ್ಲಿ ಕೋಟು ಹಾಕಿದ ದೊಡ್ಡ ಮನುಷ್ಯ ತಟ್ಟೆಯ ತುಂಬ ಬಸವನಹುಳು ಇಟ್ಟುಕೊಂಡು, ಸೂಜಿಯಂಥದ್ದರಲ್ಲಿ ಒಂದೊಂದನ್ನೇ ಎಳೆದು ತಿನ್ನುತ್ತಿದ್ದ. ನಮ್ಮ ಗದ್ದೆಯ ಬದುವಿನಲ್ಲಿ ಅವನ್ನು ಕಾಲಲ್ಲಿ ಒದ್ದು ಹೋಗುತ್ತೇವೆ. ಅವನು ಕಣ್ಣು ಮುಚ್ಚಿಕೊಂಡು ತಿನ್ನುತ್ತಿದ್ದ. ಭಕ್ತಿಗೋ ಭಯಕ್ಕೋ ತಿಳಿಯಲಿಲ್ಲ. ಇದನ್ನೆಲ್ಲ ಯಾರಿಗಾದರೂ ಹೇಳಬೇಕು ಎಂದು ಬಾಯಿ ತುರಿಸುತ್ತಿತ್ತು. ಮಗ ಸೊಸೆ ಫೋಟೋ ತೆಗೆಯುವುದರಲ್ಲಿ ಮುಳುಗಿದ್ದರು. ಪಕ್ಕದಲ್ಲಿದ್ದವಳೊಬ್ಬಳೇ ಚಿಕ್ಕತಾಯಮ್ಮ. ಅವಳೂ ಆ ಹುಳುವನ್ನೇ ನೋಡುತ್ತಿದ್ದಳು, ಅವಳ ತುಟಿಯೂ ಅಲುಗುತ್ತಿತ್ತು. ಇಬ್ಬರೂ ನುಂಗಿಕೊಂಡೆವು. ಮುನಿಸಿಗಿಂತ ದೊಡ್ಡ ಕಷ್ಟ ಅದು: ನಗು ಬಂದಾಗ ನೋಡಲು ಪಕ್ಕದಲ್ಲಿ ಮುಖವಿದ್ದೂ ನೋಡುವ ಹಾಗಿಲ್ಲದಿರುವುದು.

ಸ್ವಿಟ್ಜರ್ಲೆಂಡಿನಲ್ಲಿ ಇನ್ನೊಂದು ತಮಾಷೆ. ಮೇಜಿನ ನಡುವೆ ಒಂದು ಗಡಿಗೆ, ಅದರಲ್ಲಿ ಕರಗಿದ ಚೀಸು, ಎಲ್ಲರ ಕೈಗೂ ಉದ್ದನೆಯ ಕಡ್ಡಿ. ಬ್ರೆಡ್ಡಿನ ಚೂರು ಚುಚ್ಚಿ ಅದೇ ಗಡಿಗೆಯಲ್ಲಿ ಅದ್ದಿ ತಿಂದು, ಮತ್ತೆ ಅದ್ದಬೇಕು. ಎಂಜಲು ಎಂಬ ಮಾತೇ ಆ ದೇಶದಲ್ಲಿ ಇಲ್ಲವೇನೋ. ನಮ್ಮನ್ನು ಕರೆದುಕೊಂಡು ತಿರುಗಿಸುತ್ತಿದ್ದ ಗೈಡಮ್ಮ ಮಂಗಳೂರು ಕಡೆಯವಳು, ಪುಸ್ತಕದ ಹಾಗೆ ಕನ್ನಡ ಆಡುವಳು. "ಇಲ್ಲಿ ಒಂದು ಪದ್ಧತಿ ಇದೆ. ಯಾವ ಹೆಂಗಸಿನ ಬ್ರೆಡ್ಡು ಗಡಿಗೆಯೊಳಗೆ ಬೀಳುತ್ತದೆಯೋ ಅವರು ಪಕ್ಕದವರಿಗೆ ಮುತ್ತು ಕೊಡಬೇಕು" ಎಂದಳು.

ಅವಳು ಹೇಳಿ ಬಾಯಿ ಮುಚ್ಚುವುದರೊಳಗೆ ಚಿಕ್ಕತಾಯಮ್ಮನ ಬ್ರೆಡ್ಡು ಗುಳುಂ ಎಂದಿತು. ಪಕ್ಕದಲ್ಲಿ ಕೂತಿದ್ದವಳು ನಾನು.

ಮೇಜಿನ ಸುತ್ತ, ನಮ್ಮ ಹಾಗೇ ಇನಾಮು ಗೆದ್ದು ಬಂದಿದ್ದ ಗೊಬ್ಬರದ ವ್ಯಾಪಾರಿಗಳೆಲ್ಲ ಚಪ್ಪಾಳೆ ಹೊಡೆದರು. ಕಂಪನಿಯ ಸಾಹೇಬರು ಎದ್ದು ನಿಂತರು. ಚಿಕ್ಕತಾಯಮ್ಮ ನನ್ನ ಕಡೆ ತಿರುಗಿದಳು. ಬೀದಿಯಿಂದ ನನ್ನ ಬಾಗಿಲನ್ನು ನೋಡುತ್ತಿದ್ದಳಲ್ಲ, ಅದೇ ನೋಟ. ಎರಡೂ ಕೈ ಎತ್ತಿ ನನ್ನ ಕೆನ್ನೆಯ ಎರಡೂ ಕಡೆ ಸವರಿ, ತನ್ನ ಹಣೆಯ ಪಕ್ಕಕ್ಕೆ ಒತ್ತಿ, ಲಟಲಟ ನೆಟಿಗೆ ಮುರಿದಳು. ಮಕ್ಕಳಿಗೆ ಪ್ರೀತಿಯಿಂದ ಮಾಡುವ ಕೆಲಸ ಅದು. ಅವಳು ಮಾಡಿದ್ದು ದೆವ್ವ ಬಿಡಿಸುವವರ ಹಾಗೆ. ಸುನಂದಳ ಮುಖ ಅರಳಿತು. "ಅಷ್ಟಕ್ಕೆಲ್ಲ ಇಗ್ಗಬ್ಯಾಡ ಕಣವ್ವಿ. ಊರಿನ್ ಪದ್ಧತಿ ಅಂದ್ರು, ಮಾಡ್ದೆ" ಎಂದು ಆಕೆ ಮಗಳಿಗೆ ಹೇಳಿ ಕಡ್ಡಿ ಕೆಳಗಿಟ್ಟಳು.

ಕೊನೆಯ ಊರು ಆಸ್ಟ್ರಿಯಾದ ಸಾಲ್ಜ್‌ಬರ್ಗು. ನಡುವೆ ಹೊಳೆ, ಗುಡ್ಡದ ಮೇಲೆ ಕೋಟೆ. ಶ್ರೀರಂಗಪಟ್ಟಣವನ್ನು ಎತ್ತಿ ತೊಳೆದು ಒಣಗಿಸಿಟ್ಟ ಹಾಗಿತ್ತು. ಹೊಳೆಯಲ್ಲಿ ಮೀಯುವವರು ಮಾತ್ರ ಒಬ್ಬರೂ ಇರಲಿಲ್ಲ. ಇಳಿದುಕೊಂಡಿದ್ದು ಹಳೆಯದೊಂದು ಛತ್ರದಂಥ ಹೋಟೆಲು. ಅಲ್ಲಿ ಅಡುಗೆ ಮಾಡುತ್ತಿದ್ದವಳು ನಮ್ಮ ವಯಸ್ಸಿನವಳೇ, ನಮ್ಮಿಬ್ಬರನ್ನೂ ಸೇರಿಸಿದಷ್ಟು ದಪ್ಪ.

ಸಂಜೆ ಊಟಕ್ಕೆ ಕೂತೆವು. ತಟ್ಟೆ ಬಂತು. ಹಂದಿಯ ಬಾಡು, ಮಂದವಾದ ಸಾರು, ಅದರ ನಡುವೆ ಗುಂಡಗೆ, ಮುದ್ದಾಗಿ, ಹಬೆಯಾಡುತ್ತ ಒಂದು ಮುದ್ದೆ! ಬಣ್ಣ ಸ್ವಲ್ಪ ಬಿಳಿಚಿಕೊಂಡಿತ್ತು. ಆ ದೇಶದಲ್ಲಿ ಜನರೂ ಹಾಗೇ ಇದ್ದಾರಲ್ಲ ಎಂದುಕೊಂಡೆ. ಎಷ್ಟೋ ದಿನದ ಮೇಲೆ ಹೊಟ್ಟೆ ತಾನಾಗಿ ಮುಂದಕ್ಕೆ ಬಾಗಿತು. ಚಾಕು ಚಮಚ ಪಕ್ಕಕ್ಕೆ ಸರಿಸಿದೆ. ಬಲಗಡೆ ಚಿಕ್ಕತಾಯಮ್ಮನ ಚಾಕು ಚಮಚವೂ ಠಣ್ ಎಂದಿತು. ಇಬ್ಬರೂ ಮುರಿದೆವು, ಗುಳಿ ಮಾಡಿದೆವು, ಸಾರಿನಲ್ಲಿ ಅದ್ದಿದೆವು, ನುಂಗಿದೆವು.

ಅದನ್ನು ಒಣಗಿದ ಬ್ರೆಡ್ಡಿನ ತುಂಡು ಕಲಸಿ ಮಾಡುತ್ತಾರಂತೆ. ಆಮೇಲೆ ತಿಳಿದದ್ದು. ತುಂಡುಗಳು ಬಾಯಿಗೆ ಸಿಗಬೇಕಂತೆ, ಅಗಿದು ತಿನ್ನಬೇಕಂತೆ. ನಮಗೆ ಸಿಕ್ಕಿದ್ದು ಬಾಯಿಗಲ್ಲ, ಗಂಟಲಿಗೆ. ನನ್ನ ಕಣ್ಣು ಮೇಲಾಯಿತು. ಅವಳ ಕಣ್ಣೂ ಮೇಲಾಯಿತು. ಸಾಹೇಬರು ನೀರು ಎಂದು ಕೂಗಿದರು, ಪ್ರಕಾಶ ನನ್ನ ಬೆನ್ನಿಗೆ ಗುದ್ದಿದ, ಸುನಂದ ತನ್ನವ್ವನ ನೆತ್ತಿ ತಟ್ಟಿದಳು. ಅಂತೂ ಇಳಿಯಿತು. ಉಸಿರು ಬಂದ ಕೂಡಲೇ ನನ್ನ ಬಾಯಿಂದ ಬಂದ ಮಾತು ಒಂದೇ.

"ಗಂಟು!"

ಸುನಂದ ಕಣ್ಣು ಮುಚ್ಚಿಕೊಂಡಳು. ಪ್ರಕಾಶ, "ಮುಗೀತು" ಎಂದ.

ಚಿಕ್ಕತಾಯಮ್ಮ ಕಣ್ಣೊರೆಸಿಕೊಂಡು ನಿಧಾನಕ್ಕೆ ನನ್ನ ಕಡೆ ತಿರುಗಿದಳು.

"ನಮ್ಮನೇ ಇಟ್ಗಿಂತ್ಲೂ ಜಾಸ್ತಿನಾ?"

ಎರಡು ವರ್ಷದ ಮೇಲೆ ಅವಳು ನನ್ನೊಡನೆ ಆಡಿದ ಮೊದಲ ಮಾತು.

"ನಿಮ್ಮನೇದು ಇದ್ರ ಮುಂದೆ ಬೆಣ್ಣೆ ಕಣವ್ವ" ಎಂದೆ.

"ಅದ ಅವತ್ತೇ ಅನ್ನಾಕೆ ಏನಾಗಿತ್ತು ನಿಂಗೆ, ರೋಗ?"

"ಅವತ್ತು ಇದ ತಿಂದಿರ್ನಿಲ್ವಲ್ಲ!"

ಆಕೆ ದಡಕ್ಕನೆ ಎದ್ದಳು. ಮುನಿಸಿಕೊಂಡು ಹೋದಳು ಎಂದು ಎಲ್ಲರೂ ಅಂದುಕೊಂಡರು. ಹೋದವಳು ಕೋಲು ಹಿಡಿದುಕೊಂಡು ಮೆಟ್ಟಿಲಿಳಿದು ಬಂದಳು. "ಕುಂತಿದ್ದೀಯಲ್ಲ, ಇಟ್ಟು ತಕಬಾ. ಆ ಯಮ್ಮಂಗೆ ಯಾರಾದ್ರೂ ಏಳ್ಕೊಡ್ಬೇಕಲ್ವ?"

ನಾನು ಹಿಟ್ಟು ತಂದೆ. ಇಬ್ಬರೂ ಅಡುಗೆಮನೆಗೆ ನುಗ್ಗಿದೆವು. ಮುಂದೆ ಕೋಲು ಹಿಡಿದ ಚಿಕ್ಕತಾಯಮ್ಮ, ಹಿಂದೆ ಚೀಲ ಹೊತ್ತ ನಾನು. ಆ ದಪ್ಪ ಹೆಂಗಸು ಊಟ ಸರಿಯಿಲ್ಲವೆಂದು ಹೊಡೆಯಲು ಬಂದರು ಅಂದುಕೊಂಡಿರಬೇಕು, ಸೌಟು ಎತ್ತಿಕೊಂಡು ಗೋಡೆಗೆ ಒರಗಿದಳು. ಗೈಡಮ್ಮ ಓಡಿಬಂದು ಅವಳ ಭಾಷೆಯಲ್ಲಿ ಏನೇನೋ ಹೇಳಿದ ಮೇಲೆ ಸೌಟು ಇಳಿಯಿತು. ಒಲೆಯನ್ನೂ ಪಾತ್ರೆಯನ್ನೂ ಅವಳೇ ಕೊಟ್ಟಳು.

ನೀರು ಕುದಿಯಿತು. ನಾನು ಹಿಟ್ಟು ಸುರಿದು ಬಟ್ಟೆಯಲ್ಲಿ ಪಾತ್ರೆ ಹಿಡಿದೆ. ಚಿಕ್ಕತಾಯಮ್ಮ ಹಲ್ಲು ಕಚ್ಚಿ ತಿರುವಿದಳು. ಎರಡು ವರ್ಷದ ಸಿಟ್ಟೆಲ್ಲ ಆ ಕೋಲಿಗೆ ಇಳಿದಿತ್ತು. ಗಂಟು ಎಲ್ಲಿಂದ ಬರಬೇಕು? ಕನ್ನಡಿಯಂಥ ಮುದ್ದೆ ಕಟ್ಟಿ ಆ ಹೆಂಗಸಿನ ತಟ್ಟೆಯಲ್ಲಿಟ್ಟು, ಅವಳದೇ ಸಾರು ಬಿಟ್ಟಳು. ಅವಳು ಒಂದು ತುತ್ತು ಬಾಯಿಗಿಟ್ಟು ಅಗಿಯತೊಡಗಿದಳು.

"ಅಗೀಬ್ಯಾಡ ಕಣಮ್ಮಿ!" ಇಬ್ಬರೂ ಒಟ್ಟಿಗೆ ಕೂಗಿದೆವು. "ನುಂಗು!"

ಅವಳಿಗೆ ತಿಳಿಯಬೇಕಲ್ಲ. ಅಗಿದಳು. ಅಗಿದೇ ಅಗಿದಳು. ದವಡೆಗೆ ಏನೂ ಸಿಗದೆ ನಮ್ಮ ಮುಖ ನೋಡಿದಳು, ಗೈಡಮ್ಮನಿಗೆ ಏನೋ ಅಂದಳು. ಗೈಡಮ್ಮ ಸಂಕೋಚದಿಂದ, "ರುಚಿಯೇನೋ ಇದೆಯಂತೆ. ಆದರೆ ಇದರಲ್ಲಿ ಒಂದಾದರೂ ಗಂಟಿಲ್ಲವಲ್ಲ, ಏನು ಮುದ್ದೆ ಇದು ಎಂದು ಕೇಳುತ್ತಿದ್ದಾರೆ" ಎಂದಳು.

ಚಿಕ್ಕತಾಯಮ್ಮ ಕೋಲನ್ನು ಒಲೆಯ ಕಟ್ಟೆಯ ಮೇಲಿಟ್ಟು ಹೊಟ್ಟೆ ಹಿಡಿದುಕೊಂಡಳು. "ನೋಡ್ದಾ, ನಾನು ಈವಮ್ಮನ ಮನೇಗೆ ಎಣ್ಣು ಕೊಡ್ಬೇಕಾಗಿತ್ತು!" ಎಂದು ನಕ್ಕಳು. ನಾನೂ ನಕ್ಕೆ. ಆ ಹೆಂಗಸೂ ನಕ್ಕಳು, ಯಾಕೆಂದು ತಿಳಿಯದೆ. ಬಾಗಿಲಲ್ಲಿ ನಿಂತಿದ್ದ ಸುನಂದಳ ಕಣ್ಣಲ್ಲಿ ನೀರು ಬಂತು. ಇನ್ನೇನು ಎಲ್ಲ ಸರಿಹೋಯಿತು ಎನ್ನುವಷ್ಟರಲ್ಲಿ ಚಿಕ್ಕತಾಯಮ್ಮ ಸೆರಗು ಸರಿಮಾಡಿಕೊಂಡಳು.

"ನಗಾಡ್ದೆ ಅಂತ ನಿಮ್ಮನೇಗೆ ಬತ್ತೀನಿ ಅನ್ಕಬ್ಯಾಡಿ. ಇಲ್ಲಿ ಆಡಿದ್ದು ಇಲ್ಗೇ ಆಯ್ತು. ಅಲ್ಲಿ ನನ್ ಜಾಗ ಬೀದೀನೇಯ."

ಮುದ್ದೆಯಲ್ಲಿ ಇಲ್ಲದ ಗಂಟು ಅವಳಲ್ಲೇ ಒಂದು ಉಳಿದಿತ್ತು. ನನಗೆ ಆಕೆಯ ಮೇಲೆ ಮೊದಲ ಸಲ ಗೌರವ ಬಂತು. ಅಷ್ಟು ಸುಲಭಕ್ಕೆ ಕರಗುವವಳ ಜೊತೆ ಎರಡು ವರ್ಷ ಮಾತು ಬಿಟ್ಟಿದ್ದರೆ ನನಗೇ ಅವಮಾನ. ಬಾ ಎಂದು ಕರೆಯಲು ಬಾಯಿ ತೆರೆದೆ. ಆಗಲೂ ಬರಲಿಲ್ಲ. ಸುನಂದ ತಟ್ಟೆ ಎತ್ತಿಕೊಂಡು ತೊಳೆಯಲು ಹೋದಳು.

ಮಾರನೇ ದಿನ ಬೆಳಿಗ್ಗೆ ಊರಿಗೆ ಹೊರಡುವ ಗಡಿಬಿಡಿ. ಚಿಕ್ಕತಾಯಮ್ಮ ಪೆಟ್ಟಿಗೆ ತುಂಬಿಟ್ಟು ಸ್ನಾನಕ್ಕೆ ಹೋದಳು. ನಾನು ಅವಳ ಎರಡು ಸೀರೆಯ ನಡುವಿನಿಂದ ಕೋಲನ್ನು ಎಳೆದು, ಖಾಲಿಯಾಗಿದ್ದ ನನ್ನ ಹಿಟ್ಟಿನ ಚೀಲದಲ್ಲಿ ಸುತ್ತಿ, ನನ್ನ ಪೆಟ್ಟಿಗೆಯ ತಳಕ್ಕೆ ಹಾಕಿ ಬೀಗ ಜಡಿದೆ. ಬೇಕಾದರೆ ನಮ್ಮ ಮನೆಯ ಹೊಸ್ತಿಲು ದಾಟಿ ಅಡುಗೆಮನೆಗೇ ಬಂದು ತೆಗೆದುಕೊಂಡು ಹೋಗಲಿ ಎಂದುಕೊಂಡು, ಅವಳು ಹೊರಗೆ ಬರುವವರೆಗೂ ಪೆಟ್ಟಿಗೆಯ ಮೇಲೇ ಕೂತಿದ್ದೆ.