ಎಳೆದರೆ ನಿಲ್ಲದ ಗಾಡಿ

ಎತ್ತಿನ ಹಗ್ಗ ಎಳೆದರೆ ಗಾಡಿ ನಿಲ್ಲುತ್ತದೆ. ಸ್ಕೂಟರಿನ ಹಿಡಿ ಎಳೆದರೆ ಏನಾಗುತ್ತದೆ ಅಂತ ತಿಳಿಯಬೇಕಾದರೆ ನಮ್ಮೂರ ದೊಡ್ಡತಾಯಮ್ಮನ ಮನೆ ಮುಂದಿನ ತಿಪ್ಪೆಯನ್ನೇ ಕೇಳಬೇಕು. ತಿಪ್ಪೆಗೆ ಬಾಯಿಲ್ಲ, ಅದಕ್ಕೇ ನಾನು ಹೇಳುತ್ತೇನೆ.

ನಮ್ಮೂರು ದುದ್ದದ ಪಕ್ಕದ ಸಣ್ಣ ಹಳ್ಳಿ. ದೊಡ್ಡತಾಯಮ್ಮನ ತವರು ಹಳೇಕೋಟೆ ಕಡೆ. ಅಪ್ಪನ ಗಾಡಿಯಲ್ಲೇ ಬೆಳೆದ ಹುಡುಗಿ. ಮದುವೆಯಾಗಿ ಬಂದ ವರ್ಷ, ಕಬ್ಬು ಕಡಿದು ಗಾಡಿ ತುಂಬಿದ ದಿನವೇ ಗಂಡನಿಗೆ ಚಳಿಜ್ವರ ಬಂತು. ಆಲೆಮನೆಯವರು ಕಾಯೋಲ್ಲ. ಈಕೆ ಸೆರಗು ಸೊಂಟಕ್ಕೆ ಸಿಗಿಸಿ, ಗಾಡಿಯ ಮುಂದಿನ ಮೂಕಿಮರದ ಮೇಲೆ ನಿಂತು, ಹಗ್ಗ ಹಿಡಿದು ಹೊರಟೇಬಿಟ್ಟಳು. ಊರಿಗೂರೇ ಜಗುಲಿ ಮೇಲೆ ಬಂದು ನೋಡಿತು. ಇಳಿಜಾರು ಸಿಕ್ಕಿದಾಗ ಹಗ್ಗ ಎಳೆದು ‘ಹೋ... ಹೋ...’ ಅಂದರೆ ಸಾಕು, ಎತ್ತುಗಳು ಹೂವಿನ ಹಾಗೆ ನಿಲ್ಲುತ್ತಿದ್ದವು.

ಗಂಡ ಹೋದ. ಎತ್ತು ಹೋದವು. ಗಾಡಿ ಹುಣಿಸೆಮರಕ್ಕೆ ಒರಗಿ ಕೋಳಿಗೆ ಗೂಡಾಯಿತು. ಉಳಿದದ್ದು ಎರಡೇ ಹಸು: ನಾಗಿ, ಅದರ ಮಗಳು ಚುಕ್ಕಿ. ಅವೇ ಅವಳ ಬೆಳಗು, ಅವೇ ಸಂಜೆ. ಹಾಲನ್ನು ಮಗ ದಿಲೀಪ್ ಬೈಕಿನಲ್ಲಿ ದುದ್ದದ ಡೈರಿಗೆ ಹಾಕಿ, ಆಮೇಲೆ ಹಾಸನದ ಫ್ಯಾಕ್ಟರಿ ಕೆಲಸಕ್ಕೆ ಹೋಗುತ್ತಿದ್ದ.

ಆಷಾಢ ಹುಟ್ಟಿದ ದಿನ ಮಗ ತಲೆ ಕೆರೆದುಕೊಳ್ಳುತ್ತಾ ಬಂದ.

“ಅವ್ವ, ಶ್ರಾವಣದಿಂದ ನಂಗೆ ಬೆಳಗಿನ ಪಾಳಿ. ಡೈರಿ ತೆಗೆಯೋ ಹೊತ್ಗೆ ನಾನು ಹಾಸನದಲ್ಲಿರ್ತೀನಿ. ಹಸ ಮಾರ್ಬುಡೋಣ ಕಣವ್ವ.”

“ನಿನ್ ಹೆಂಡ್ತಿ ಅನುಶ್ರೀ ಹಾಕ್ತಾಳೆ ಬುಡ್ಲಾ.”

“ಅದೇ ಹೊತ್ಗೆ ಮಕ್ಕಳ ಸ್ಕೂಲ್ ವ್ಯಾನ್ ಬತ್ತದೆ. ಅವಳೆಷ್ಟು ಕಡೆ ಓಯ್ತಾಳೆ? ದಲ್ಲಾಳಿ ಗೌರೀಶಂಕರಣ್ಣನ ಕೇಳಿವ್ನಿ. ಆಷಾಢದಲ್ಲಿ ಹಸ ಮಾರ್ಬಾರ್ದಂತೆ. ಆಷಾಢ ಕಳೆದ ಮಾರನೇ ಬೆಳಿಗ್ಗೆ ಬತ್ತಾನೆ.”

ದೊಡ್ಡತಾಯಮ್ಮ ಕೂಗಾಡಿದಳು, ಎದೆ ಬಡಿದುಕೊಂಡಳು, ಎರಡು ದಿನ ಮಗನ ಹತ್ತಿರ ಮಾತು ಬಿಟ್ಟಳು. ಎಳೆದಷ್ಟೂ ಮಗ ಬಿಗಿಯಾದ. ಮೂರನೇ ದಿನ ಕೊಟ್ಟಿಗೆಯಲ್ಲಿ ಚುಕ್ಕಿಯ ಕತ್ತು ಕೆರೆಯುತ್ತಾ, ಸೊಸೆ ಅನುಶ್ರೀಯ ಸ್ಕೂಟರ್ ಕಡೆ ನೋಡಿದಳು.

“ಇದುನ್ನ ಹೊಡಿಯಾದು ನಂಗೂ ಕಲಿಸ್ತೀಯೇನವ್ವಾ?”

ಅನುಶ್ರೀ ನಗಲಿಲ್ಲ. ಅದು ಅವಳ ದೊಡ್ಡತನ. ಹಾಸನಕ್ಕೆ ಕರೆದುಕೊಂಡು ಹೋಗಿ ಕಲಿಯುವವರ ಲೈಸೆನ್ಸ್ ಮಾಡಿಸಿದಳು. ದಿಲೀಪ್ ಕೆಲಸಕ್ಕೆ ಹೋದ ಮೇಲೆ ಮನೆ ಮುಂದಿನ ಬಯಲಿನಲ್ಲಿ ಅತ್ತೆಯನ್ನು ಕೂರಿಸಿ, ಹಿಂದಿನಿಂದ ಹಿಡಿದುಕೊಂಡು ಓಡಿದಳು. ಸ್ಕೂಟರ್ ಹೊರಟಿತು. ಎದುರಿಗೆ ತಿಪ್ಪೆ ಬಂತು. ದೊಡ್ಡತಾಯಮ್ಮನ ಕೈ ಹಳೇ ಬುದ್ಧಿ ಬಿಡಲಿಲ್ಲ. ‘ಹೋ... ಹೋ...’ ಅಂತ ಹಿಡಿಯನ್ನು ಎದೆಗೆ ಎಳೆದುಕೊಂಡಳು. ಎಳೆದಷ್ಟೂ ಅದು ಗರ್ರನೆ ಮುಂದಕ್ಕೆ ಹಾರಿತು! ಸೊಸೆ ಹಿಂದೆ ಉಳಿದಳು, ಅತ್ತೆ ತಿಪ್ಪೆ ಏರಿದಳು.

ಪಕ್ಕದ ಮನೆಯ ಮೈದುನ ರಾಮಣ್ಣನಿಗೆ ಅಷ್ಟು ಸಾಕಾಗಿತ್ತು.

“ಏನತ್ಗೆ, ಗೊಬ್ಬರ ಹೊಡಿಯಾಕೆ ಹೊಸ ಗಾಡಿಯಾ?”

“ನಿನ್ ತ್ವಾಟಕ್ಕೂ ಒಂದು ಲೋಡು ಹಾಕ್ತೀನಿ, ಸುಮ್ನೆ ಓಗಲಾ!”

ಅತ್ತೆಯ ತಲೆಯ ಸಗಣಿ ಒರೆಸುತ್ತಾ ಅನುಶ್ರೀ ಹೇಳಿದಳು: “ಅತ್ತೆ, ಇದು ಎತ್ತಲ್ಲ. ಎಳೆದ್ರೆ ಓಡ್ತದೆ. ಬಲಗೈ ಸಡಿಲ ಬಿಡಿ, ಬ್ರೇಕ್ ಹಿಡೀರಿ, ತಾನೇ ನಿಲ್ತದೆ.”

ಹೇಳುವುದು ಸುಲಭ. ಜನ್ಮವೆಲ್ಲಾ ಎಳೆದ ಕೈಗೆ ಬಿಡುವುದನ್ನು ಕಲಿಸುವುದು ಹೇಗೆ? ತಿಪ್ಪೆ ಇನ್ನೊಂದು ಸಲ ಕಂಡಳು, ಬೇಲಿ ಕಂಡಳು. ಮಂಡಿ ತರಚಿತು. ರಾಗಿ ಬೀಸುವಾಗ, ಹಾಲು ಕರೆಯುವಾಗ, ತನ್ನ ಬಲಗೈಗೆ ತಾನೇ ಬುದ್ಧಿ ಹೇಳಿಕೊಳ್ಳುತ್ತಿದ್ದಳು: “ಬುಡು, ಬುಡು ಅಂದೆ.” ಆಷಾಢ ಮುಗಿಯುವಷ್ಟರಲ್ಲಿ ಊರ ಸುತ್ತ ಒಬ್ಬಳೇ ಬರುವ ಹಾಗಾದಳು. ಆದರೆ ಹಾಲಿನ ಕ್ಯಾನ್ ಇಟ್ಟುಕೊಂಡು ದುದ್ದದ ದಾರಿಯ ಕೆರೆ ಏರಿಯನ್ನು ಇಳಿದಿರಲಿಲ್ಲ.

ಗೌರೀಶಂಕರ ಬರುವ ಬೆಳಿಗ್ಗೆ, ಅದಕ್ಕಾಗಿ ರಜೆ ಹಾಕಿದ್ದ ದಿಲೀಪ್ ಏಳುವ ಮುಂಚೆಯೇ ಹಾಲು ಕರೆದಳು. ಕ್ಯಾನನ್ನು ಕಾಲ ಮುಂದೆ ಇಟ್ಟು ಬಿಗಿದಳು. ಸೆರಗಿನ ಮೇಲೆ ಹೆಲ್ಮೆಟ್ ಹಾಕಿ ಹೊರಟಳು. ಸೊಸೆ ಬಾಗಿಲಲ್ಲಿ ನಿಂತು, ಕಣ್ಮರೆಯಾಗುವ ತನಕ ನೋಡಿದಳು.

ಕೆರೆ ಏರಿಯ ಇಳಿಜಾರಿನಲ್ಲಿ, ಬೇಕಂತಲೇ ಬಂದ ಹಾಗೆ, ರಾಮಣ್ಣನ ಎಮ್ಮೆ ರಸ್ತೆಗೆ ಅಡ್ಡ ನಿಂತಿತ್ತು. ಕೈ ‘ಎಳಿ’ ಅಂದಿತು. ಎದೆ ‘ಎಳಿ’ ಅಂದಿತು. ಬಾಯಿ ‘ಹೋ’ ಅಂದೇಬಿಟ್ಟಿತು. ಆದರೆ ಬಲಗೈ ಸಡಿಲವಾಯಿತು, ಬೆರಳು ಬ್ರೇಕಿನ ಮೇಲೆ ಮೆತ್ತಗೆ ಕೂತವು. ಎಮ್ಮೆಯ ಬಾಲಕ್ಕೆ ಗೇಣು ದೂರದಲ್ಲಿ ಸ್ಕೂಟರ್ ನಿಂತಿತು. ಹಾಲು ತುಳುಕಲಿಲ್ಲ. ಎಮ್ಮೆ ತಿರುಗಿ ನೋಡಿ, ಸಗಣಿ ಹಾಕಿ, ತನ್ನ ದಾರಿ ಹಿಡಿಯಿತು.

ಡೈರಿಯ ಶಾಂತರಾಜು ತಲೆ ಎತ್ತದೆ ಕೇಳಿದ: “ಯಾರು ಸಾ, ಹೊಸಬ್ರಾ?”

ಹೆಲ್ಮೆಟ್ ತೆಗೆದು, “ಸಾ ಅಲ್ಲ ಕಣ್ಲಾ, ನಿನ್ ದೊಡ್ಡವ್ವ!” ಅಂದಳು. ಹಾಲು ಹಾಕಲು ನಿಂತಿದ್ದ ಸಾಲು ಸಾಲೇ ನಕ್ಕಿತು. ಒಬ್ಬಳು ಮುದುಕಿ ಮಾತ್ರ ನಗದೆ ಸ್ಕೂಟರಿನ ಸೀಟನ್ನು ಸವರಿ ನೋಡಿದಳು.

ಮನೆಗೆ ಬಂದಾಗ ಗೌರೀಶಂಕರ ಚುಕ್ಕಿಯ ಹಲ್ಲು ನೋಡುತ್ತಿದ್ದ. ದಿಲೀಪ್ ಕ್ಯಾನ್ ಹುಡುಕುತ್ತಾ ಅಂಗಳದಲ್ಲಿ ಸುತ್ತುತ್ತಿದ್ದ. ತಿಂಗಳ ಹಿಂದಿನ ದೊಡ್ಡತಾಯಮ್ಮನಾಗಿದ್ದರೆ ದಲ್ಲಾಳಿಗೆ ಪೊರಕೆ ಹಿಡಿಯುತ್ತಿದ್ದಳು. ಅವತ್ತು ಸ್ಟ್ಯಾಂಡ್ ಹಾಕಿ, ಖಾಲಿ ಕ್ಯಾನನ್ನು ಮಗನ ಕಾಲ ಹತ್ತಿರ ಇಟ್ಟಳು.

“ಹಾಲು ಡೈರಿಗೆ ಓಗಾಯ್ತು. ನಾಳೆನೂ ಓಯ್ತದೆ. ಇನ್ನು ಹಗ್ಗ ನಿನ್ ಕೈಲದೆ ಕಣ್ಲಾ. ನಾ ಎಳಿಯಾಕಿಲ್ಲ.”

ದಿಲೀಪ್ ಕ್ಯಾನ್ ನೋಡಿದ. ಸ್ಕೂಟರ್ ನೋಡಿದ. ಅವ್ವನ ತಲೆಯ ಮೇಲೆ ಓರೆಯಾಗಿ ಕೂತಿದ್ದ ಹೆಲ್ಮೆಟ್ ನೋಡಿದ. ಆಮೇಲೆ ಚುಕ್ಕಿಯ ಹಗ್ಗವನ್ನು ದಲ್ಲಾಳಿಯ ಕೈಯಿಂದ ಮೆಲ್ಲಗೆ ತೆಗೆದುಕೊಂಡ.

“ಕಾಫಿ ಕುಡ್ಕಂಡು ಓಗಣ್ಣ,” ಅಂದ.

ಈಗ ದೊಡ್ಡತಾಯಮ್ಮನಿಗೆ ಪೂರಾ ಲೈಸೆನ್ಸೇ ಇದೆ. ಫೋಟೋದಲ್ಲಿ ದವಡೆ ಬಿಗಿದುಕೊಂಡು ಆಲೆಮನೆಗೆ ಹೊರಟವಳ ಹಾಗೇ ಕಾಣುತ್ತಾಳೆ. ಮೊಮ್ಮಕ್ಕಳು ಹಟ ಮಾಡಿ ಅನುಶ್ರೀ ರೇಗಿದಾಗ, “ಕೈ ಸಡಿಲ ಬುಡವ್ವಾ, ತಾನೇ ನಿಲ್ತವೆ,” ಅನ್ನುತ್ತಾಳೆ. ಕಲಿಸಿದವಳಿಗೇ ಪಾಠ!

ಮೊನ್ನೆ ರಾಮಣ್ಣನಿಗೆ ಬಸ್ಸು ತಪ್ಪಿತು. ರಸ್ತೆಗೆ ಬಂದು ಕೈ ಅಡ್ಡ ಹಿಡಿದ. “ಅತ್ಗೆ, ದುದ್ದಕ್ಕೆ ನಾನೂ ಬತ್ತೀನಿ.”

“ಹತ್ತು. ಆದ್ರೆ ದಾರೀಲಿ ನಿನ್ನೆಮ್ಮೆ ಸಿಕ್ರೆ ನನ್ ಭುಜ ಹಿಡ್ದು ಎಳೀಬ್ಯಾಡ,” ಅಂದಳು. ಊರು ನೋಡುತ್ತಿದ್ದ ಹಾಗೇ ಅವನನ್ನು ಹಿಂದೆ ಕೂರಿಸಿಕೊಂಡು, ತಿಪ್ಪೆಯನ್ನು ಬಳಸಿ, ಏರಿ ಕಡೆಗೆ ಹೊರಟೇಹೋದಳು.