ಐಸ್‌ಕ್ಯಾಂಡಿ ಡಾಕ್ಟ್ರ ಬಿಸಿ ಹಿಡಿ

ಬೆಳಕು ಹರಿಯುವ ಹೊತ್ತಿಗೆ ಮೋಟಾರ್‌ಸೈಕಲ್ ಹತ್ತಿ ಮನೆಮನೆಗೆ ಹೋಗುವುದು, ಖಾಲಿ ಹೊಟ್ಟೆಯಲ್ಲಿ ಕಾದು ಕುಳಿತವರ ತೋಳಿಗೆ ಸೂಜಿ ಚುಚ್ಚಿ ರಕ್ತ ತೆಗೆದು ಲ್ಯಾಬಿಗೆ ತರುವುದು, ಇಷ್ಟೇ ಅವನ ಕೆಲಸ. ಆದರೆ ಬಾಗಿಲು ತೆಗೆದವರು "ಬನ್ನಿ ಡಾಕ್ಟ್ರೇ" ಅಂದರೆ ಅವರನ್ನು ತಿದ್ದುವಷ್ಟು ದುಡುಕು ಅವನದಲ್ಲ. ಕತ್ತು ಸ್ವಲ್ಪ ಓರೆ ಮಾಡಿ, "ಈಗ ಹೇಗಿದೀರಿ?" ಎಂದು ಕೇಳಿ, ಅವರು ಬಾಯಿ ತೆರೆಯುವ ಮೊದಲೇ "ಹೂಂ, ಹೂಂ" ಅನ್ನುತ್ತಿದ್ದ. ಅವನ ಹೊಟ್ಟೆ ತುಂಬುತ್ತಿದ್ದುದು ಆ ಒಂದು 'ಡಾಕ್ಟ್ರೇ'ಯಿಂದ. ಸಂಬಳ ಏನಿದ್ದರೂ ಹೆಂಡತಿ ಮಕ್ಕಳಿಗೆ.

ದೇವರು ಎಲ್ಲ ಕೊಟ್ಟಿದ್ದ, ಕೈ ಮಾತ್ರ ತಣ್ಣಗೆ ಕೊಟ್ಟಿದ್ದ. ಮದುವೆಯಾದ ಹೊಸದರಲ್ಲಿ ಹೆಂಡತಿಯ ಕುತ್ತಿಗೆಯ ಮೇಲೆ ಪ್ರೀತಿಯಿಂದ ಕೈಯಿಟ್ಟ. ಅವಳು ಕಿರುಚಿದ ರಭಸಕ್ಕೆ ಅತ್ತೆ, ಒಳಗೆ ಹಾವೋ ಚೇಳೋ ಹೊಕ್ಕಿದೆ ಎಂದು ಪೊರಕೆ ಹಿಡಿದು ಓಡಿಬಂದಿದ್ದರು. ಅಂಥ ಕೈಯನ್ನು ಚಳಿಗಾಲದಲ್ಲಿ ಗಾಡಿಯ ಮೇಲೆ ಗಾಳಿಗೊಡ್ಡಿಕೊಂಡು ಹೋದರೆ ಕೇಳಬೇಕೆ? ರೋಗಿಗಳು ಹಲ್ಲು ಕಚ್ಚುತ್ತಿದ್ದುದು ಸೂಜಿಗಲ್ಲ, ಅವನ ಬೆರಳಿಗೆ.

ದಿಬ್ಬದ ಮೇಲಿನ ಮನೆಯಲ್ಲಿ ನಿವೃತ್ತಿಯಾದ ಹೆಡ್‌ಮಿಸ್ಸೊಬ್ಬರಿದ್ದರು. ಸಕ್ಕರೆ ಕಾಯಿಲೆ; ಆಗಾಗ ರಕ್ತ ಕೊಡಬೇಕು. ಅವನು ಮುಟ್ಟಿದ್ದೇ ತಡ, ಆಕೆಯ ನರ ಒಳಕ್ಕೆ ಓಡಿಹೋಗುತ್ತಿತ್ತು. ಅವನು ಹುಡುಕಿ ಚುಚ್ಚುವನು, ಅದು ಮತ್ತೆಲ್ಲೋ ಅಡಗುವುದು. ಅವನಿಗೆ 'ಐಸ್‌ಕ್ಯಾಂಡಿ' ಎಂದು ಹೆಸರಿಟ್ಟವರು ಅವರೇ. ಕೊನೆಗೆ ಲ್ಯಾಬಿನ ಯಜಮಾನರಿಗೆ ಫೋನ್ ಮಾಡಿದರು.

"ನೋಡಪ್ಪ," ಅಂದರು ಯಜಮಾನರು, "ಆಯಮ್ಮ ಇನ್ನೊಂದು ಸಲ ಫೋನ್ ಮಾಡಿದ್ರೆ ನೀನು ಒಳಗೆ ಕೂತು ಗಾಜು ತೊಳಿ. ಮನೆಗಳಿಗೆ ಬೇರೆಯವರನ್ನ ಕಳಿಸ್ತೀನಿ."

ಗಾಜು ತೊಳೆಯುವವನನ್ನು ಯಾರು ಡಾಕ್ಟ್ರೇ ಅಂತಾರೆ? ರಾತ್ರಿ ಊಟದ ಹೊತ್ತಿಗೆ ಹೆಂಡತಿಯ ಮುಂದೆ ಎಲ್ಲ ಹೇಳಿದ.

"ನನ್ನ ಹಳೇ ಸ್ವೆಟರ್ ತೋಳಲ್ಲಿ ಕೈಗವಸು ಹೊಲಿದುಕೊಡ್ತೀನಿ ರೀ," ಅಂದಳು ಹೆಂಡತಿ.

"ಉಣ್ಣೆ ಚೀಲ ಹಾಕ್ಕೊಂಡು ಹೋಗೋಕೆ ನಾನೇನು ತೊಟ್ಟಿಲ ಕೂಸಾ?"

"ಹಾಗಾದ್ರೆ ಅವರ ಮನೇಲೇ ಒಂದು ಲೋಟ ಬಿಸಿನೀರು ಇಸ್ಕೊಂಡು ಹಿಡ್ಕೊಳ್ಳಿ."

"ರಕ್ತ ತೆಗಿಯೋಕೆ ಹೋಗೋದು ಕಣೇ ನಾನು, ನೀರು ಬೇಡೋಕಲ್ಲ!"

ಅವನು ಫೋನಿನಲ್ಲಿ ಯಾವುದೋ ವಿಡಿಯೊ ನೋಡಿದ್ದ. ಕರೆಂಟಿನಿಂದ ಬಿಸಿಯಾಗುವ ಹ್ಯಾಂಡಲ್ ಗ್ರಿಪ್ಪು! ತರಿಸಿಯೇಬಿಟ್ಟ. ಹೆಂಡತಿಯ ಅಣ್ಣ ಮೆಕ್ಯಾನಿಕ್ಕು, ಎರಡು ಬೀದಿ ಆಚೆ ಅವನ ಗ್ಯಾರೇಜು. "ಭಾವನ ಹತ್ರ ಹೋಗ್ಲಾ? ನರಕ್ಕೆ ಸೂಜಿ ಹಾಕೋನಿಗೆ ಎರಡು ತಂತಿ ಕೂಡಿಸೋಕೆ ಬರಲ್ವಾ?" ಎಂದು ಬಾಗಿಲ ಮುಂದೆ ಗಾಡಿ ನಿಲ್ಲಿಸಿ ಕುಳಿತ.

ಹಳೆಯ ಗ್ರಿಪ್ಪನ್ನು ಕೊಯ್ಯಲು ತರಕಾರಿ ಚಾಕು ಬಂತು. ಅಲ್ಲಿಗೆ ಚಾಕುವಿನ ಕತೆ ಮುಗಿಯಿತು. ಹೊಸತನ್ನು ಬಲಗಡೆ ಕೂರಿಸಹೋದರೆ ಅದು ಜಪ್ಪಯ್ಯ ಅಂದರೂ ಒಳಗೆ ಹೋಗಲೊಲ್ಲದು. ಗುದ್ದಿದ, ತಿರುಚಿದ, ಮಾಡಿದವನ ವಂಶವನ್ನೆಲ್ಲ ಬೈದ. ಬೆವರು ಒರೆಸಿಕೊಳ್ಳುವಾಗ ನೋಡಿದರೆ ಕೈಯಲ್ಲಿದ್ದದ್ದು ಎಡಗಡೆಯದು. ಅದಲು ಬದಲು ಮಾಡಿ, ಗೋಂದು ಬಳಿದು ಕೂರಿಸಿದ. ಇನ್ನು ತಂತಿ. ಕೀಲಿ ತಿರುಗಿಸಿದಾಗ ಮಾತ್ರ ಕರೆಂಟು ಬರುವಂತೆ ಕೊಡಬೇಕಂತೆ. ಅದಕ್ಕೆ ದೀಪದ ಹಿಂದೆ ಗೂಡು ಕಟ್ಟಿದ್ದ ಬಣ್ಣಬಣ್ಣದ ತಂತಿಗಳಲ್ಲಿ ಒಂದನ್ನು ಸುಲಿಯಬೇಕು. ಇಣುಕಿ ನೋಡಿ, ಹೆದರಿ, ಮುಚ್ಚಿಟ್ಟು, ಸೀದಾ ಬ್ಯಾಟರಿಗೇ ಕೊಟ್ಟ. ಸ್ವಿಚ್ಚು ಒತ್ತಿದರೆ ಕೆಂಪು ದೀಪ ಹತ್ತಿತು.

ಮನೆಮಂದಿಯೆಲ್ಲ ಬಂದು ಮುಟ್ಟಿ ನೋಡಬೇಕೆಂದು ಅಪ್ಪಣೆಯಾಯಿತು. ಅತ್ತೆ ಮುಟ್ಟಿ, "ಬೆಚ್ಚಗಿದೆ ಕಣಪ್ಪ. ಮಳೆಗಾಲದಲ್ಲಿ ಕಾಲುಚೀಲ ಒಣಹಾಕಬಹುದು" ಅಂದರು.

ಮರುದಿನ ಬೆಳಗ್ಗೆ ಮೊದಲನೆಯದೇ ಹೆಡ್‌ಮಿಸ್ಸಿನ ಮನೆ. ಮಲಗುವ ಮುಂಚೆ ಹೊರಗೆ ಹೋಗಿ ಸ್ವಿಚ್ಚು ಹಾಕಿ ಬಂದ.

"ಈಗ್ಯಾಕ್ರೀ ಹಾಕಿದ್ದು?"

"ಸ್ನಾನದ ನೀರು ಮೊದಲೇ ಕಾಯಿಸ್ತೀಯೋ ಇಲ್ವೋ? ಬೆಳಗ್ಗೆ ಹೊತ್ತಿಗೆ ಚೆನ್ನಾಗಿ ಕಾದಿರುತ್ತೆ, ಸುಮ್ನಿರು."

ಬೆಳಗ್ಗೆ ಕೆಂಪು ದೀಪ ಆರಿತ್ತು. ಹಿಡಿ ಕಲ್ಲಿನಂತೆ ತಣ್ಣಗಿತ್ತು. ಗಾಡಿಯ ಗುಂಡಿ ಒತ್ತಿದರೆ 'ಕಟಕ್' ಎಂಬ ಸದ್ದಷ್ಟೇ. ಬ್ಯಾಟರಿ ಪೂರ್ತಿ ಖಾಲಿ. ಒದ್ದು ಹೊರಡಿಸೋಣವೆಂದರೆ ಆ ಗಾಡಿಗೆ ಕಿಕ್ಕೇ ಇಲ್ಲ.

"ಪೆಟ್ಟಿಗೆ ತಗೊಂಡು ನಡೆದು ಹೋಗಿ ರೀ, ಹೊತ್ತಾಗುತ್ತೆ."

"ನಡ್ಕೊಂಡು ಹೋದ್ರೆ ಯಾರೇ ಡಾಕ್ಟ್ರು ಅಂತಾರೆ?"

ಗಾಡಿಯನ್ನು ತಳ್ಳುತ್ತಲೇ ಹೊರಟ. ದಿಬ್ಬದ ಬುಡದಲ್ಲಿ ಪೇಪರ್ ಹಂಚುವವನು "ಪೆಟ್ರೋಲ್ ಖಾಲಿನಾ ಡಾಕ್ಟ್ರೇ?" ಅಂದ. "ಹೂಂ" ಅಂದ. ಅರ್ಧ ಏರಿದಾಗ ಏದುಸಿರು, ಪೂರ್ತಿ ಏರಿದಾಗ ಮೈಯೆಲ್ಲ ಬೆವರು.

"ಬಂದ್ಯೇನಪ್ಪಾ ಐಸ್‌ಕ್ಯಾಂಡಿ? ಹಸಿವಲ್ಲಿ ಜೀವ ಹೋಗ್ತಿದೆ," ಎಂದು ಹೆಡ್‌ಮಿಸ್ಸು ತೋಳು ಚಾಚಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡರು. ಅವನು ಮುಟ್ಟಿದ. ಅವರು ಒಂದು ಕಣ್ಣು ತೆರೆದರು. ನರ ಎಲ್ಲಿಗೂ ಓಡದೆ ನಿಂತಿತ್ತು. ಒಂದೇ ಚುಚ್ಚಿಗೆ ರಕ್ತ ಬಂತು.

"ಏನಯ್ಯಾ ಇದು, ಕೈ ಬಿಸಿರೊಟ್ಟಿ ಥರ ಇದೆ!"

"ಗಾಡಿಗೆ ಹೀಟರ್ ಹಾಕಿದೀನಿ ಮೇಡಂ. ನಾನೇ ಕೂರಿಸಿದ್ದು," ಅಂದ, ನಾಲಿಗೆ ಒಂದಿಷ್ಟೂ ತಡವರಿಸದೆ. ಅವರು ಫೋನ್ ಮಾಡಿದರು, ಯಜಮಾನರು ಶಹಬ್ಬಾಸ್ ಅಂದರು.

ಸಂಜೆ ಭಾವ ನಗುತ್ತ ಬಂದು ಬ್ಯಾಟರಿ ಚಾರ್ಜ್ ಮಾಡಿ, ತಂತಿ ಸರಿಮಾಡಿಕೊಟ್ಟ. ಆಮೇಲೆ ಹಿಡಿ ಹೇಳಿದ ಮಾತು ಕೇಳಿತು. ಅಂಗೈ ಹೋಳಿಗೆ ಹಾಗೆ ಬೆಚ್ಚಗೆ. ಆದರೆ ನರ ತಡವುವುದು ಬೆರಳ ತುದಿಯಿಂದಲ್ಲವೇ? ಅವು ಕ್ಲಚ್ಚು ಬ್ರೇಕಿನ ಮೇಲೆ ಗಾಳಿಯಲ್ಲೇ ಇರುತ್ತಿದ್ದವು, ಮೊದಲಿನಷ್ಟೇ ತಣ್ಣಗೆ. ಒಂದು ಮನೆಯಲ್ಲಿ ಮುಟ್ಟಿದ, ಅವರು "ಅಯ್ಯಪ್ಪಾ!" ಎಂದು ಕೈ ಎಳೆದುಕೊಂಡರು. ಅವತ್ತು ಕೈ ಕಾಯಿಸಿದ್ದು ಹೀಟರಲ್ಲ, ದಿಬ್ಬ ಎಂದು ಅವನಿಗೆ ಅರ್ಥವಾಯಿತು.

ಕೈಗವಸು ಹೊಲಿಸಿಕೊಂಡನೇ? ಬಿಸಿನೀರು ಕೇಳಿದನೇ? ಛೇ, ಹೀಟರ್ ಹಾಕಿದವನು ಕೇಳುವುದುಂಟೇ! ಹೆಡ್‌ಮಿಸ್ಸಿನ ಮನೆಗೆ ಹೋಗುವ ದಿನ ದಿಬ್ಬದ ಬುಡದಲ್ಲಿ ಗಾಡಿ ಆರಿಸುತ್ತಾನೆ, ಸುತ್ತ ನೋಡುತ್ತಾನೆ, ಇಳಿದು ತಳ್ಳುತ್ತಾನೆ. ಉಳಿದ ಮನೆಗಳಿಗೂ ಎರಡು ಬೀದಿ ಮೊದಲೇ ಇಳಿಯುತ್ತಾನೆ. ಎದುರಾದವರೆಲ್ಲ "ಇವತ್ತೂ ಖಾಲಿನಾ ಡಾಕ್ಟ್ರೇ?" ಅನ್ನುತ್ತಾರೆ. ಇವನು ಏದುಸಿರು ಬಿಡುತ್ತ, ಕತ್ತು ಓರೆ ಮಾಡಿ, "ಹೂಂ, ಹೂಂ" ಅನ್ನುತ್ತಾನೆ.