ಚೆಕ್‌ಪೋಸ್ಟಿನಲ್ಲಿ ಒಪ್ಪಿಕೊಂಡ ಆಲ್ಬಮ್

ತೊಂಬತ್ತರ ದಶಕದಲ್ಲಿ, ಕಾಡುಗಳ್ಳನ ಹುಡುಕಾಟ ನಡೆಯುತ್ತಿದ್ದಾಗ, ನಮ್ಮ ಕಡೆಯ ಚೆಕ್‌ಪೋಸ್ಟುಗಳಲ್ಲಿ ಎಲ್ಲರನ್ನೂ ಅನುಮಾನದಿಂದಲೇ ನೋಡುತ್ತಿದ್ದರು. ಕೆಲಸದ ಮೇಲೆ ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಜೀಪಿನಲ್ಲಿ ಹೊರಟಿದ್ದ ನನ್ನನ್ನೂ ಗೆಳೆಯ ಮಹದೇವನನ್ನೂ ಪೇದೆಯೊಬ್ಬರು ತಡೆದರು. ಟೇಪಿನಲ್ಲಿ ನಮ್ಮಿಬ್ಬರ ಮೆಚ್ಚಿನ ಇಂಗ್ಲಿಷ್ ರಾಕ್ ಬ್ಯಾಂಡು ಕಿರುಚುತ್ತಿತ್ತು. ಕ್ಯಾಸೆಟ್ಟಿನ ಡಬ್ಬಿಯ ಮೇಲೆ ಮಾತ್ರ ಮಾದಪ್ಪನ ಚಿತ್ರವಿತ್ತು. ಭಕ್ತಿಗೀತೆಯ ಹಳೇ ಕ್ಯಾಸೆಟ್ಟಿನ ತೂತಿಗೆ ಕಾಗದ ತುರುಕಿದರೆ ಅದರ ಮೇಲೆ ಬೇರೆ ಹಾಡು ತುಂಬಿಸಬಹುದು; ಗೊತ್ತಿಲ್ಲದವರಿಗಾಗಿ ಹೇಳುತ್ತಿದ್ದೇನೆ.

“ಮೇಲೆ ದೇವ್ರು, ಒಳಗೆ ಇದೇನ್ಲಾ?” ಎಂದ ಪೇದೆ ನಮ್ಮನ್ನು ದೂರ ದೂರ ನಿಲ್ಲಿಸಿ ವಿಚಾರಿಸಿದರು.

“ಅವರ ನಾಕನೇ ಆಲ್ಬಮ್ ಸಾ. ಇದ್ಕಿಂತ ಒಳ್ಳೇದು ಇನ್ನೊಂದಿಲ್ಲ,” ಎಂದನಂತೆ ಮಹದೇವ.

“ಅವರು ಮಾಡಿದ್ದರಲ್ಲೇ ಕೆಟ್ಟದ್ದು ಸಾ. ಮೊದಲ್ನೇದೇ ಒಳ್ಳೇದು,” ಎಂದೆ ನಾನು. ದಾರಿಯುದ್ದಕ್ಕೂ ನಮಗೆ ಅದೇ ಜಗಳ.

“ಇಬ್ರಲ್ಲಿ ಒಬ್ಬ ಸುಳ್ಳು ಹೇಳ್ತಾವ್ನೆ ಕಣ್ಲಾ. ಹೇಳಿಕೆ ಒಂದಾಗೋಗಂಟ ಬುಡಕಿಲ್ಲ,” ಎಂದು ಅವರು ಜೀಪಿನ ಕೀಲಿಯನ್ನು ಜೇಬಿಗಿಟ್ಟರು.

ಮಹದೇವ ಬಿಸಿಲಲ್ಲೇ ಕೈಕಟ್ಟಿ ನಿಂತ. ಅವನು ಠಾಣೆಗೆ ಬೇಕಾದರೂ ಹೋದಾನು, ಮೊದಲನೆಯದನ್ನು ಒಪ್ಪಲಾರ. ಕೊನೆಗೆ ನಾನೇ, “ನಾಕನೇದೇ ಒಳ್ಳೇದು ಸಾ,” ಎಂದೆ.

ಮಹದೇವ ಇವತ್ತಿಗೂ ಅದನ್ನೇ ಊರೆಲ್ಲ ಹೇಳಿಕೊಂಡು ತಿರುಗುತ್ತಾನೆ. ಪೊಲೀಸರ ಮುಂದೆ ಒಪ್ಪಿಕೊಂಡದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಇದನ್ನೂ ಗೊತ್ತಿಲ್ಲದವರಿಗಾಗಿಯೇ ಹೇಳುತ್ತಿದ್ದೇನೆ.